ಮಾಳಿಗೆಯನ್ನು ತೆರೆದ ನಾಲ್ವರು

ಪಾಠಭಾಗ: ಮಾರ್ಕನ ಸುವಾರ್ತೆ 2:1–12

ಕಪೆರ್ನೌಮಿನಲ್ಲಿ ಕರ್ತನು ಮನೆಯೊಳಗೆ ಇದ್ದಾಗ್ಯೂ, ಜನರ ಗುಂಪಿನ ದೆಸೆಯಿಂದ ಪಾರ್ಶ್ವವಾಯುವಿನವನು ಬಾಗಿಲ ಹೊರಗೇ ಉಳಿದನು. ಅವನನ್ನು ಹೊತ್ತುತಂದ ನಾಲ್ವರು ಮಾಳಿಗೆಯನ್ನು ಬಿಚ್ಚಿ ಒಳಗೆ ಇಳಿಸಿದರು.

2021ನೆಯ ಇಸವಿಯಲ್ಲಿ ಕೊರೋನಾ ಲಸಿಕೆಯು ಬಂದಾಗ ಇಂಥದೇ ಬಾಗಿಲನ್ನು ನಾವು ಕಂಡೆವು. ಮಾರ್ಚಿ 1ರಿಂದ 60 ವರುಷ ತುಂಬಿದವರಿಗೂ ಕೆಲವು ರೋಗಗಳುಳ್ಳ 45 ತುಂಬಿದವರಿಗೂ, ಏಪ್ರಿಲ್ 1ರಿಂದ 45 ತುಂಬಿದವರೆಲ್ಲರಿಗೂ, ಮೇ 1ರಿಂದ 18 ತುಂಬಿದವರಿಗೂ ಅಪ್ಪಣೆಯಾಯಿತು. ಆದರೆ 18ರಿಂದ 44 ವರುಷದವರು ಮೊದಮೊದಲು ಕೋವಿನ್ ಎಂಬ ಜಾಲತಾಣದಲ್ಲಿ ಹೆಸರು ಬರೆಯಿಸಿ, ದಿನವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗಿತ್ತು. ಬದನಗುಪ್ಪೆಯಂಥ ಗ್ರಾಮದಲ್ಲಿ ಮೊಬೈಲಿಲ್ಲದ ಕೂಲಿಯವನು ಏನು ಮಾಡಾನು? ಆದರೂ ಆಗ ಒಂದು ಮೊಬೈಲಿನಿಂದ ನಾಲ್ವರ ಹೆಸರುಗಳನ್ನು ಬರೆಯಿಸಬಹುದಾಗಿತ್ತು. ತನ್ನ ಹೆಸರಿನ ಕೆಳಗೆ ನೆರೆಯವನ ಹೆಸರನ್ನೂ ಬರೆದವನು ಆ ಹಾಸಿಗೆಯ ಒಂದು ಮೂಲೆಯನ್ನು ಹೊತ್ತವನೇ ಸರಿ. ಜೂನ್ 21ರಿಂದ ಸರಕಾರದ ಕೇಂದ್ರಗಳಲ್ಲಿ 18 ತುಂಬಿದವರೆಲ್ಲರಿಗೂ ಲಸಿಕೆಯು ಉಚಿತವಾಯಿತು. ನೇರವಾಗಿ ಬಂದವರ ಹೆಸರನ್ನು ಅಲ್ಲಿಯೇ ಬರೆದುಕೊಳ್ಳುವ ಏರ್ಪಾಡೂ ಆಯಿತು.

ಕೂಸುಗಳ ಲಸಿಕೆಗಾದರೋ ಮುಂಗಡವಾಗಿ ಹೊತ್ತು ಗೊತ್ತುಮಾಡಬೇಕಾದದ್ದಿಲ್ಲ. ಹುಟ್ಟಿದಾಗಲೂ, 6, 10, 14 ವಾರಗಳಿಗೂ, 9 ತಿಂಗಳು ತುಂಬಿದಾಗಲೂ, ಒಂದೂವರೆ ವರುಷದ ಸುಮಾರಿಗೂ ಲಸಿಕೆಯುಂಟು. ಆಶಾ ಕಾರ್ಯಕರ್ತೆಯು ಹೇಳಿದ ದಿನ ತಾಯಿ ಕಾರ್ಡನ್ನು ತೆಗೆದುಕೊಂಡು ಹೋಗಿರಿ. ಒಂದು ಸಾರಿ ತಪ್ಪಿತೆಂದು ನಾಚಿ ಸುಮ್ಮನಿರಬೇಡಿರಿ, ಕೂಡಲೇ ತಿಳಿಸಿರಿ. ಒಂಟಿ ತಾಯಿಯು ಕೂಲಿ ಬಿಟ್ಟು ಹೋಗಲಾರದಿದ್ದರೆ, ಸಭೆಯವರು ಅವಳಿಗೆ ನೆರವಾಗಲಿ.

ಆಲೋಚನೆಗೆ: ನಮ್ಮ ಊರಿನಲ್ಲಿ ಬಾಗಿಲ ಹೊರಗೆ ಉಳಿದವರು ಯಾರು? ಅವರನ್ನು ಹೊರತಕ್ಕ ನಾಲ್ವರು ಯಾರು?