ಕಾರ್ ಶೆಡ್ಡಿನಲ್ಲಿ ಸ್ಲೈಡಿಂಗ್ ಟೇಬಲ್ ಸಾ ಹಿಡಿಸೀತೇ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಮರಗೆಲಸದ ಹುಚ್ಚು ಹತ್ತಿದೆ. ಮನೆ ಪಕ್ಕದ ಕಾರ್ ಶೆಡ್ಡನ್ನೇ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. 12 ಅಡಿ ಅಗಲ, 20 ಅಡಿ ಉದ್ದವಿದೆ. ಮನೆಗೆ ಕಪಾಟು, ಮೇಜು, ಅಡುಗೆಮನೆಯ ಬಾಕ್ಸುಗಳನ್ನು ಮಾಡುವುದಿದೆ. ಪ್ಲೈವುಡ್ ಜೊತೆಗೆ ಅಕೇಶಿಯಾ, ಹಲಸಿನ ಹಲಗೆಗಳೂ ಇವೆ. ಶಿವಮೊಗ್ಗದ ಕಿಚನ್ ಫ್ಯಾಕ್ಟರಿಯೊಂದರಲ್ಲಿ ಸ್ಲೈಡಿಂಗ್ ಟೇಬಲ್ ಸಾ ನೋಡಿದ ಮೇಲೆ ಬೇರೆ ಯಾವುದೂ ಬೇಡ ಅನ್ನಿಸಿದೆ. ಯಾವುದನ್ನು ಕೊಳ್ಳಲಿ?
— ಸಾಗರದ ಓದುಗರೊಬ್ಬರು

ಉತ್ತರ: ನೀವು ನೋಡಿದ್ದು ಬಹುಶಃ 3200 ಮಿಲಿಮೀಟರಿನ ಮಷೀನು. ಮಾಡ್ಯುಲರ್ ಕಿಚನ್ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಅದನ್ನೇ. ಅವರ ಬಾಯಲ್ಲಿ ಅದು ‘ಪ್ಯಾನೆಲ್ ಸಾ’. ಅದನ್ನು ನಿಮ್ಮ ಶೆಡ್ಡಿನೊಳಗೆ ತಂದು ಇಡಬಹುದು, ಕೆಲಸ ಮಾಡಲಾಗುವುದಿಲ್ಲ. 3200 ಅಂದರೆ ಜಾರುವ ಮೇಜಿನ ಉದ್ದ. ಆ ಮೇಜು ಬ್ಲೇಡಿನ ಈಚೆಯಿಂದ ಹೊರಟು ಪೂರ್ತಿ ಆಚೆಗೆ ದಾಟಬೇಕು. ಹಾಗಾಗಿ ಅದರ ಓಡಾಟಕ್ಕೇ ಎರಡರಷ್ಟು ಉದ್ದ, ಅಂದರೆ 21 ಅಡಿಗೂ ಮೇಲೆ ಬೇಕು. ನೀವು ನಿಲ್ಲುವ ಜಾಗ ಬೇರೆ. ಎಡಗಡೆ ಎಂಟಡಿ ಪ್ಲೈ ಹೊರುವ ತೋಳು, ಬಲಗಡೆ ಮರ ಆನಿಸುವ ಫೆನ್ಸಿಗೆ ನಾಲ್ಕಡಿ ಸೇರಿದರೆ ನಿಮ್ಮ 12 ಅಡಿ ಅಗಲವೂ ಅಲ್ಲಿಗೆ ಮುಗಿಯಿತು. ಜೊತೆಗೆ ಆ ಮಷೀನು ಒಂದು ಟನ್ನಿನ ಹತ್ತಿರ ತೂಗುತ್ತದೆ. ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನ್ ಬೇಕು.

ಹಾಗಾದರೆ ಆಸೆ ಬಿಡಬೇಕೇ? ಬೇಡ. ಆದರೆ ಯಾವ ಕಂಪನಿ, ಎಷ್ಟು ಎಚ್‌ಪಿ ಎಂದು ಕೇಳುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಮೊದಲು ತೀರ್ಮಾನವಾಗಬೇಕಾದದ್ದು ಜಾರುವ ಮೇಜು ಎಷ್ಟು ಉದ್ದವಿರಬೇಕು ಎನ್ನುವುದು. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಜರ್ಮನಿಯ ಬಡಗಿ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಯಂತ್ರವೇ ಇವುಗಳ ಮೂಲಪುರುಷ. ಸಾಮಾನ್ಯ ಟೇಬಲ್ ಸಾದಲ್ಲಿ ಮೇಜು ಅಲುಗುವುದಿಲ್ಲ, ಮರವನ್ನು ಅದರ ಮೇಲೆ ಒತ್ತಿ ಜರುಗಿಸುತ್ತೇವೆ. ಮರ ಉಜ್ಜಿಕೊಂಡು ಸಾಗುವಾಗ ಒಂದು ಕೂದಲೆಳೆ ಓರೆಯಾದರೂ ಅಂಚು ಓರೆಯಾಗುತ್ತದೆ. ಜಾಸ್ತಿ ಓರೆಯಾದರೆ ಬ್ಲೇಡು ಮರವನ್ನು ಹಿಡಿದು ನಿಮ್ಮ ಹೊಟ್ಟೆಗೇ ಎಸೆಯುತ್ತದೆ. ಆಲ್ಟೆನ್‌ಡಾರ್ಫ್ ಮರವನ್ನು ಮೇಜಿಗೆ ಬಿಗಿದು, ಮೇಜನ್ನೇ ಬ್ಲೇಡಿನ ಪಕ್ಕದಲ್ಲಿ ಓಡಿಸಿದ. ಮರ ಮೇಜಿನ ಮೇಲೆ ಕದಲುವುದಿಲ್ಲ. ಕೈ ಬ್ಲೇಡಿನಿಂದ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ನಿಲ್ಲುವುದೂ ಬ್ಲೇಡಿನ ನೇರಕ್ಕಲ್ಲ, ಎಡಕ್ಕೆ. ಮರಗೆಲಸವನ್ನು ಅರವತ್ತರ ಮೇಲೆ ಶುರು ಮಾಡುವವರಿಗೆ ಸ್ಲೈಡಿಂಗ್ ಸಾ ಒಳ್ಳೆಯದು ಎಂದು ನಾನು ಹೇಳುವುದಕ್ಕೆ ಕಾರಣ ಇದೇ. ಕತ್ತರಿಸಿದ ಅಂಚಿನ ನಯ ಎರಡನೆಯ ಮಾತು.

ಈಗ ಉದ್ದದ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಪ್ಲೈವುಡ್ ಶೀಟು ಎಂಟಡಿಗೆ ನಾಲ್ಕಡಿ, ಅಂದರೆ 2440ಕ್ಕೆ 1220 ಮಿ.ಮೀ. ಅಡ್ಡಕ್ಕೆ ಕತ್ತರಿಸಲು ಮೇಜು 1220ಕ್ಕಿಂತ ಸ್ವಲ್ಪ ಹೆಚ್ಚು ಓಡಿದರೆ ಸಾಕು. 1250 ಮಿ.ಮೀ. ಓಟದ ಪುಟ್ಟ ಸ್ಲೈಡರ್‌ಗಳು ಹುಟ್ಟಿರುವುದು ಈ ಲೆಕ್ಕದ ಮೇಲೆಯೇ. ಅಡುಗೆಮನೆಯ ಕೆಳಬಾಕ್ಸಿನ ಪಕ್ಕದ ಹಲಗೆ 720 ಮಿ.ಮೀ. ಎತ್ತರ, 560 ಆಳದ ಆಸುಪಾಸು. ಮೇಲಿನ ಬಾಕ್ಸು ಇನ್ನೂ ಚಿಕ್ಕದು. ಅವೆಲ್ಲ 1250ರಲ್ಲಿ ಆರಾಮಾಗಿ ಆಗುತ್ತವೆ. ಏಳಡಿ ವಾರ್ಡ್‌ರೋಬಿನ ಬಾಗಿಲಿನ ಉದ್ದ ಅಂಚು ಮಾತ್ರ ಮೇಜಿನ ಮೇಲೆ ಆಗುವುದಿಲ್ಲ, ಬಲಗಡೆಯ ಫೆನ್ಸಿಗೆ ಆನಿಸಿ ಸೀಳಬೇಕು. ಶೆಡ್ಡಿನ ಬಾಗಿಲು ತೆರೆದಿಟ್ಟುಕೊಂಡರೆ 20 ಅಡಿ ಉದ್ದ ಅದಕ್ಕೆ ಸಾಲುತ್ತದೆ.

ಪ್ಲೈಗಿಂತ ನಿಮ್ಮ ಹಲಸು, ಅಕೇಶಿಯಾ ಹಲಗೆಗಳಲ್ಲಿ ಸ್ಲೈಡರಿನ ಸುಖ ಹೆಚ್ಚು. ಸಾಮಿಲ್ಲಿನಿಂದ ಬಂದ ಹಲಗೆಗೆ ನೇರ ಅಂಚು ಎಲ್ಲಿರುತ್ತದೆ? ಒಂದು ಕಡೆ ತೊಗಟೆ, ಇನ್ನೊಂದು ಕಡೆ ಬಿಲ್ಲಿನಂತೆ ಬಾಗು. ಸಾಮಾನ್ಯ ಟೇಬಲ್ ಸಾಕ್ಕೆ ಕೊಡುವ ಮುನ್ನ ಅದರ ಒಂದು ಅಂಚನ್ನಾದರೂ ರಂದಾ ಹೊಡೆದು ನೇರ ಮಾಡಲೇಬೇಕು. ಸ್ಲೈಡರಿನಲ್ಲಿ ಹಲಗೆಯನ್ನು ಮೇಜಿಗೆ ಬಿಗಿದು ತಳ್ಳಿದರೆ ಒಂದೇ ಓಟಕ್ಕೆ ನೇರ ಅಂಚು ಸಿಕ್ಕಿತು. ಆದರೆ ಎಷ್ಟುದ್ದ ಹಲಗೆ? ಮೇಜು ಎಷ್ಟು ಓಡುತ್ತದೋ ಅಷ್ಟು. ನಾಲ್ಕಡಿ ಟೀಪಾಯಿಗೆ 1250 ಸಾಕು, ಆರಡಿ ಊಟದ ಮೇಜಿಗೆ 2000 ಬೇಕು. ನಿಮ್ಮ ಕೆಲಸದಲ್ಲಿ ದೊಡ್ಡ ಮರದ ಪಾಲೆಷ್ಟು ಎಂದು ನೀವೇ ಅಂದಾಜು ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ಆ ಶೆಡ್ಡಿಗೆ 1250ರಿಂದ 1600ರ ಒಳಗಿನದು ಸರಿ. 2000ದ್ದನ್ನು ಹಿಡಿಸಬಹುದು, ಆಮೇಲೆ ಅಸೆಂಬ್ಲಿಗೆ ಬೆಂಚು ಹಾಕಲು ಜಾಗ ಇರುವುದಿಲ್ಲ.

ಇಡೀ ಶೀಟಿನ ವಿಷಯ ಮಾತ್ರ ಬೇರೆ. 18 ಮಿ.ಮೀ. ಪ್ಲೈ ಒಂದು ಶೀಟು ಸುಮಾರು 35 ಕೆಜಿ ತೂಗುತ್ತದೆ. ಅದನ್ನು ಒಬ್ಬರೇ ಎತ್ತಿ ಸೊಂಟದೆತ್ತರದ ಮೇಜಿಗೆ ಹಾಕಿ, ಬ್ಲೇಡಿನತ್ತ ನೇರವಾಗಿ ತಳ್ಳುವುದು ಯಾವ ವಯಸ್ಸಿನಲ್ಲೂ ಜಾಣತನವಲ್ಲ. ಅಂಗಳದಲ್ಲಿ ದಪ್ಪ ಥರ್ಮಾಕೋಲ್ ಹಾಸಿ, ಶೀಟನ್ನು ಅದರ ಮೇಲೆ ಮಲಗಿಸಿ, ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾದಿಂದ ಅಲ್ಲೇ ಒರಟಾಗಿ ತುಂಡು ಮಾಡಿ. ಆ ತುಂಡುಗಳನ್ನು ಒಳಗೆ ತಂದು ಸ್ಲೈಡರಿನಲ್ಲಿ ಅಳತೆಗೆ ತನ್ನಿ. ಅಥವಾ ಅಳತೆಯ ಪಟ್ಟಿ ಬರೆದುಕೊಂಡು ಹೋಗಿ. ಪ್ಯಾನೆಲ್ ಸಾ ಇಟ್ಟಿರುವ ಎಷ್ಟೋ ಪ್ಲೈವುಡ್ ಅಂಗಡಿಗಳು ಜಾಬ್ ವರ್ಕ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತವೆ. ನೀವು ಬರೀ ಪ್ಲೈ ಕೆಲಸ ಮಾಡುವವರಾಗಿದ್ದರೆ ಸ್ಲೈಡರ್ ಬೇಡವೇ ಬೇಡ, ಟ್ರ್ಯಾಕ್ ಸಾ ಜೊತೆ ಒಂದು ಪುಟ್ಟ ಟೇಬಲ್ ಸಾ ಸಾಕು ಎನ್ನುತ್ತಿದ್ದೆ.

ಕರೆಂಟಿನ ಪ್ರಶ್ನೆ ನೀವು ಕೇಳಿಲ್ಲ, ಆದರೆ ಮಲೆನಾಡಿನಲ್ಲಿ ಅದೇ ಮೊದಲ ಪ್ರಶ್ನೆ. ದೊಡ್ಡ ಪ್ಯಾನೆಲ್ ಸಾಗಳಿಗೆ ಸಾಮಾನ್ಯವಾಗಿ 7.5 ಎಚ್‌ಪಿಯ ತ್ರೀ ಫೇಸ್ ಮೋಟಾರು. ಪುಟ್ಟವು ಸಿಂಗಲ್ ಫೇಸ್ 3 ಎಚ್‌ಪಿಯಲ್ಲೂ ಸಿಗುತ್ತವೆ. ಹವ್ಯಾಸದ ಕೆಲಸಕ್ಕೆ ಅಷ್ಟು ಶಕ್ತಿ ಧಾರಾಳ. ಗಟ್ಟಿ ಅಕೇಶಿಯಾ ಬಂದಾಗ ತಳ್ಳುವ ವೇಗ ಕಡಿಮೆ ಮಾಡಿದರಾಯಿತು. ಆದರೆ ಅದಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ದಪ್ಪ ವೈರು, ಪ್ರತ್ಯೇಕ ಎಂಸಿಬಿ ಎಳೆಸಿ. ಮಂಜೂರಾದ ಲೋಡು ಎಷ್ಟಿದೆ ಎಂದು ಮೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ. ಸಂಜೆ ವೋಲ್ಟೇಜು ಬಿದ್ದಾಗ ಮೋಟಾರು ಜಾಸ್ತಿ ಕರೆಂಟು ಎಳೆದು ಕಾಯುತ್ತದೆ, ಆಗ ಮಷೀನು ಮುಟ್ಟಬೇಡಿ. ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಬಂದಿರುವ ತ್ರೀ ಫೇಸ್ ಲೈನಿನ ಮೇಲೆ ಕಣ್ಣು ಹಾಕಬೇಡಿ. ಅದು ಬೇರೆ ದರಪಟ್ಟಿಯ ಸಂಪರ್ಕ, ಗರಗಸಕ್ಕೆ ಬಳಸಿದರೆ ದಂಡ ಬೀಳುತ್ತದೆ.

ಫ್ಯಾಕ್ಟರಿಯ ಮಷೀನಿನಲ್ಲಿ ದೊಡ್ಡ ಬ್ಲೇಡಿನ ಮುಂದೆ ಒಂದು ಚಿಕ್ಕ ಬ್ಲೇಡು ಇರುವುದನ್ನು ಗಮನಿಸಿರಬಹುದು, ಅದು ಸ್ಕೋರಿಂಗ್ ಬ್ಲೇಡು. ದೊಡ್ಡ ಬ್ಲೇಡಿನ ಹಲ್ಲು ಮೇಲಿನಿಂದ ಕೆಳಕ್ಕೆ ಇಳಿದು ಹೊರಬರುವಾಗ ತಳದ ಮೈಕಾವನ್ನು ಚಕ್ಕೆ ಎಬ್ಬಿಸುತ್ತದೆ. ಚಿಕ್ಕದು ಅದರ ವಿರುದ್ಧ ದಿಕ್ಕಿಗೆ ತಿರುಗಿ, ಮೊದಲೇ ಒಂದೆರಡು ಮಿ.ಮೀ. ಆಳದ ಗೀರು ಹಾಕಿಟ್ಟಿರುತ್ತದೆ. ಮೈಕಾ ಅಂಟಿಸಿದ ಮೇಲೆ ಕತ್ತರಿಸುವವರಿಗೆ, ಪ್ರೀಲ್ಯಾಮ್ ಬೋರ್ಡು ಬಳಸುವವರಿಗೆ ಇದು ಬೇಕೇ ಬೇಕು. ಬರಿ ಪ್ಲೈ ಕತ್ತರಿಸಿ ಆಮೇಲೆ ಮೈಕಾ ಅಂಟಿಸಿ ಅಂಚು ಟ್ರಿಮ್ ಮಾಡುವ ನಮ್ಮ ಆಚಾರಿಗಳ ಕ್ರಮವೇ ನಿಮ್ಮದೂ ಆದರೆ ಇದಿಲ್ಲದೆಯೂ ನಡೆಯುತ್ತದೆ. ಇದಕ್ಕೆ ನಿಗಾ ಜಾಸ್ತಿ: ಗೀರಿನ ಅಗಲ ದೊಡ್ಡ ಬ್ಲೇಡಿನ ಅಗಲಕ್ಕೆ ಹೊಂದಬೇಕು, ದೊಡ್ಡದನ್ನು ಸಾಣೆ ಹಿಡಿಸಿ ತಂದಾಗಲೆಲ್ಲ ಮತ್ತೆ ಹೊಂದಿಸಬೇಕು.

ಬ್ಲೇಡಿನ ಹಿಂದೆ ನಿಲ್ಲುವ ಉಕ್ಕಿನ ತೆಳು ರೆಕ್ಕೆ, ರೈವಿಂಗ್ ನೈಫ್, ಇಲ್ಲದ ಮಷೀನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ. ಹಸಿ ಮರ ಸೀಳಿದಂತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುವುದನ್ನು ತಡೆಯುವುದು ಅದೇ. ಸೆಕೆಂಡ್ ಹ್ಯಾಂಡ್ ಮಷೀನುಗಳಲ್ಲಿ ಮೊದಲು ಕಾಣೆಯಾಗುವುದೂ ಅದೇ. ಬೆರಳು ತಾಕಿದೊಡನೆ ಐದು ಮಿಲಿಸೆಕೆಂಡಿನೊಳಗೆ ಬ್ಲೇಡು ನಿಲ್ಲಿಸುವ ಅಮೆರಿಕದ ಸಾಸ್ಟಾಪ್ ಬಗ್ಗೆ ನೀವು ಓದಿರಬಹುದು. ಅದೊಂದು ಅದ್ಭುತವೇ ಸರಿ, ಆದರೆ ರೈವಿಂಗ್ ನೈಫಿನ ಕೆಲಸ ಅದು ಮಾಡುವುದಿಲ್ಲ, ಆ ಮಷೀನಿನಲ್ಲೂ ರೈವಿಂಗ್ ನೈಫ್ ಇದ್ದೇ ಇದೆ.

ಯೂಟ್ಯೂಬಿನಲ್ಲಿ ನೋಡುವ ಅಮೆರಿಕನ್ ಬಡಗಿಗಳ ಜಿಗ್ಗುಗಳಲ್ಲಿ ಹೆಚ್ಚಿನವು ನಿಮ್ಮ ಸ್ಲೈಡರಿಗೆ ಕೂರುವುದಿಲ್ಲ. ಅವರ ಮೇಜಿನಲ್ಲಿ ಬ್ಲೇಡಿನ ಎರಡೂ ಬದಿಗೆ ಜಿಗ್ಗು ಜಾರುವ ತೋಡು ಕೊರೆದಿರುತ್ತದೆ, ಸ್ಲೈಡರಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ ಯುರೋಪಿನವರು ಫ್ರಿಟ್ಸ್ ಮತ್ತು ಫ್ರಾನ್ಸ್ ಎಂದು ಹೆಸರಿಟ್ಟಿರುವ ಎರಡು ಮರದ ದಿಮ್ಮಿಗಳನ್ನು ಮಾಡಿಕೊಳ್ಳಿ. ಚಿಕ್ಕ ತುಂಡನ್ನು ಅವೆರಡರ ನಡುವೆ ಅದುಮಿ ಹಿಡಿದು ತಳ್ಳಬಹುದು, ಕ್ಲ್ಯಾಂಪಿನ ಗೋಜಿಲ್ಲ. ಅರ್ಧ ಗಂಟೆಯ ಕೆಲಸ.

ದೂಳಿಗೂ ಹಣ ತೆಗೆದಿಡಿ. ಮರದ ಹೊಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಡಸ್ಟ್ ಕಲೆಕ್ಟರ್ ಕೊಳ್ಳದೆ ಮಷೀನು ಮಾತ್ರ ಕೊಳ್ಳುವ ಹಾಗಿದ್ದರೆ, ಇನ್ನೊಂದಿಷ್ಟು ದಿನ ಕಾದು ಎರಡನ್ನೂ ಒಟ್ಟಿಗೆ ತನ್ನಿ.

ಇನ್ನು ಕೊಳ್ಳುವ ದಿನದ ಮಾತು. ಜಾರುವ ಮೇಜನ್ನು ಪೂರ್ತಿ ಮುಂದಕ್ಕೆ ಎಳೆದು ತುದಿಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ಅಲುಗಿಸಿ ನೋಡಿ. ಕೈಗೆ ಗೊತ್ತಾಗುವಷ್ಟು ಆಟವಿದ್ದರೆ ಬೇಡ. ಆಮೇಲೆ ಎರಡಡಿ ಚೌಕದ ಒಂದು ಪ್ಲೈ ತುಂಡನ್ನು ಮನೆಯಿಂದಲೇ ಒಯ್ದು ಐದು ಕಟ್ಟು ಹಾಕಿಸಿ. ಒಂದು ಅಂಚು ಕತ್ತರಿಸಿ, ಆ ಹೊಸ ಅಂಚನ್ನು ಜಾರುವ ಮೇಜಿನ ಮೇಲಿನ ಅಡ್ಡ ಫೆನ್ಸಿಗೆ ಆನಿಸಿ ಮುಂದಿನದನ್ನು ಕತ್ತರಿಸಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತ ನಾಲ್ಕೂ ಅಂಚು ಮುಗಿದ ಮೇಲೆ ಮೊದಲ ಅಂಚಿನಲ್ಲೇ ಮತ್ತೆ ಒಂದಿಂಚು ಅಗಲದ ಪಟ್ಟಿ ತೆಗೆಯಿರಿ. ಆ ಪಟ್ಟಿಯ ಎರಡೂ ತುದಿಯ ಅಗಲವನ್ನು ವರ್ನಿಯರಿನಲ್ಲಿ ಅಳೆಯಿರಿ. ನಾಲ್ಕು ಮೂಲೆಗಳ ತಪ್ಪೂ ಅಲ್ಲಿ ಒಟ್ಟಾಗಿ ಬಿದ್ದಿರುತ್ತದೆ, ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿ. ಒಂದು ಮಿ.ಮೀ. ವ್ಯತ್ಯಾಸ ಬಂದರೆ ಎರಡಡಿಯಲ್ಲಿ ಕಾಲು ಮಿ.ಮೀ. ಓರೆ ಎಂದಾಯಿತು. ಮೂಲೆಮಟ್ಟ ಹಿಡಿದು ನೋಡಿದರೆ ಅಷ್ಟು ಸಣ್ಣದು ಕಣ್ಣಿಗೆ ಬೀಳುವುದಿಲ್ಲ. ವ್ಯತ್ಯಾಸ ಬಂದ ತಕ್ಷಣ ಮಷೀನು ಕೆಟ್ಟದ್ದು ಎನ್ನಬೇಡಿ, ಫೆನ್ಸನ್ನು ಸರಿಪಡಿಸಿ ಮತ್ತೊಮ್ಮೆ ಹಾಕಿಸಿ. ಸರಿಪಡಿಸಿದ್ದು ಹತ್ತು ಕಟ್ಟಿನ ಮೇಲೂ ಹಾಗೇ ನಿಂತಿದೆಯೇ ಎಂದು ನೋಡಿ ದುಡ್ಡು ಕೊಡಿ. ಇಷ್ಟಕ್ಕೆಲ್ಲ ಸಮಯವಿಲ್ಲ ಎನ್ನುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.