ಸಮಾಧಾನವೋ ಸಂತೈಕೆಯೋ? ಶ್ರೀರಂಗಪಟ್ಟಣ ಪರಿಸರದ ಶೋಕ, ಕ್ರೈಸ್ತ ಪ್ರಾರ್ಥನೆ ಮತ್ತು ಕನ್ನಡ

1. ಪ್ರವೇಶ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳು ಕನ್ನಡ ಸಂಶೋಧಕರಿಗೆ ಅಪರಿಚಿತವಾದವುಗಳಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದಿರುವ ಪರಿಷ್ಕೃತ ಎಪಿಗ್ರಾಫಿಯ ಕರ್ನಾಟಿಕದ 6 ಮತ್ತು 7ನೆಯ ಸಂಪುಟಗಳಲ್ಲಿ ಈ ತಾಲ್ಲೂಕುಗಳ ಶಾಸನಗಳು ಸಂಗ್ರಹಗೊಂಡಿವೆ. ಮೇಲುಕೋಟೆಯ ಶ್ರೀವೈಷ್ಣವ ಪರಂಪರೆ, ಕಂಬದಹಳ್ಳಿಯ ಜೈನ ಬಸದಿಗಳು, ಒಡೆಯರ ಕಾಲದ ಆಸ್ಥಾನ ಸಾಹಿತ್ಯ ಇವುಗಳ ಬಗೆಗೆ ವಿಪುಲ ಬರವಣಿಗೆ ಬಂದಿದೆ. ಆದರೆ ಇದೇ ಪರಿಸರದಲ್ಲಿ ಮೂರೂವರೆ ಶತಮಾನಕ್ಕೂ ಮಿಗಿಲಾದ ಚರಿತ್ರೆಯುಳ್ಳ ಕ್ರೈಸ್ತ ಧರ್ಮದ ಪ್ರಾರ್ಥನಾಭಾಷೆಯನ್ನು ಕನ್ನಡ ಸಾಹಿತ್ಯದೊಡನೆ ಇಟ್ಟು ನೋಡುವ ಪ್ರಯತ್ನ ವಿರಳ.

ಅಗಲಿಕೆಯ ನೋವಿನಲ್ಲಿರುವವನಿಗೆ ಧರ್ಮಗ್ರಂಥವೂ ಪ್ರಾರ್ಥನೆಯೂ ಏನನ್ನು ಕೊಡುತ್ತವೆ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಭಾಷೆಯ ನೆಲೆಯಿಂದ ಪರಿಶೀಲಿಸಲಾಗಿದೆ. ಇದಕ್ಕೆ ಕನ್ನಡದ ಎರಡು ಪದಗಳು ನೆರವಾಗುತ್ತವೆ. ಒಂದು ‘ಸಮಾಧಾನ’. ಶಾಸ್ತ್ರಚರ್ಚೆಯಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರವೂ ಸಮಾಧಾನವೇ, ಮನಸ್ಸಿನ ನೆಮ್ಮದಿಯೂ ಸಮಾಧಾನವೇ. ಮತ್ತೊಂದು ‘ಸಂತೈಸು’. ಇದರಲ್ಲಿ ಉತ್ತರದ ಅಂಶವಿಲ್ಲ. ಅಳುವ ಮಗುವನ್ನು ಸಂತೈಸುವ ತಾಯಿ ವಾದಿಸುವುದಿಲ್ಲ, ಎತ್ತಿಕೊಳ್ಳುತ್ತಾಳೆ. ಕನ್ನಡ ಬೈಬಲ್ಲಿನಲ್ಲಿ ಈ ಎರಡೂ ಪದಗಳು ಬಳಕೆಯಾಗಿವೆ. ಅದು ದುಃಖಿತರಿಗೆ ನೀಡುವುದು ಪ್ರಧಾನವಾಗಿ ಉತ್ತರರೂಪದ ಸಮಾಧಾನವನ್ನಲ್ಲ, ಸಂತೈಕೆಯನ್ನು. ಇದನ್ನು ಕನ್ನಡದಲ್ಲಿ ಅತ್ಯಂತ ಸ್ಪಷ್ಟವಾಗಿ ಗ್ರಹಿಸಿದವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಎಂಬುದು ಇಲ್ಲಿಯ ಪ್ರತಿಪಾದನೆ.

2. ಪರಿಸರದ ಶೋಕಚರಿತ್ರೆ

ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ನೆಲೆ ಒದಗಿಸಿದನು. ಆತ ಕನ್ನಡವನ್ನು ಕಲಿತು ಈ ಭಾಷೆಯ ವ್ಯಾಕರಣ, ನಿಘಂಟು ಹಾಗೂ ಧರ್ಮಬೋಧೆಯ ಗ್ರಂಥಗಳನ್ನು ರಚಿಸಿದನೆಂಬುದು ಮಿಷನ್ ಚರಿತ್ರೆಯಿಂದ ತಿಳಿದುಬರುತ್ತದೆ. ಆದರೆ ಈ ಬರವಣಿಗೆ ನಮ್ಮ ಸಾಹಿತ್ಯಚರಿತ್ರೆಯ ಮುಖ್ಯಧಾರೆಗೆ ಬಂದು ಸೇರಲಿಲ್ಲ.

ಅನಂತರದ ಘಟನೆಗಳು ಶ್ರೀರಂಗಪಟ್ಟಣವನ್ನು ಕ್ರೈಸ್ತರ ನೆನಪಿನಲ್ಲಿ ಶೋಕದ ಸ್ಥಳವನ್ನಾಗಿಸಿದವು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಪ್ರದೇಶದ ಕೆಥೋಲಿಕರನ್ನು ಬಂಧಿಸಿ ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬರಲಾಯಿತು. ಬಂಧಿತರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಅಂದಾಜಿಸಲಾಗಿದೆ. ಬಂಧನದ ಕಾರಣಗಳ ಬಗೆಗೂ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಸಂಖ್ಯೆಯಲ್ಲಿ ಜನ ಸತ್ತರೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಪಾದ್ರಿಗಳನ್ನು ಗಡೀಪಾರು ಮಾಡಲಾಗಿದ್ದುದರಿಂದ ಸಾಯುವವರಿಗೆ ಅಂತ್ಯಸಂಸ್ಕಾರದ ವಿಧಿಯೂ ದುರ್ಲಭವಾಗಿತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಪುರೋಹಿತನಿಲ್ಲದ ಪ್ರಾರ್ಥನೆ ಎಂಬ ಸ್ಥಿತಿ ಆ ಹದಿನೈದು ವರ್ಷಗಳಲ್ಲಿ ಒಂದು ಸಮುದಾಯಕ್ಕೆ ಅನಿವಾರ್ಯವಾಯಿತು ಎಂಬುದು ಇಲ್ಲಿ ಮುಖ್ಯ.

ಸೋಲಿಸಿದವರ ಶೋಕವೂ ಅದೇ ನೆಲದಲ್ಲಿದೆ. ಶ್ರೀರಂಗಪಟ್ಟಣದ ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಸಮಾಧಿಗಳಿವೆ. ಬ್ರಿಟಿಷ್ ಸೈನಿಕರೊಡನೆ ಸ್ವಿಸ್ ಮೂಲದ ಡಿ ಮ್ಯೂರಾನ್ ದಳದವರೂ ಅವರ ಮಡದಿ ಮಕ್ಕಳೂ ಅಲ್ಲಿ ಹೂಳಲ್ಪಟ್ಟಿದ್ದಾರೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡು, ಮುಂದೆ ಪಾಂಡವಪುರವಾಯಿತು. ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನಗಳು ಟಿಪ್ಪುವಿನ ಕಾಲದಲ್ಲಿ ತಮ್ಮವರು ಹತರಾದರೆಂಬ ನೆನಪಿನಿಂದ ನರಕಚತುರ್ದಶಿಯ ಹಬ್ಬವನ್ನು ಆಚರಿಸುವುದಿಲ್ಲ. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಸೆರೆಯಾದವರ, ಗೆದ್ದವರ, ಹಬ್ಬ ತೊರೆದವರ ಶೋಕಗಳು ಒಂದರ ಪಕ್ಕದಲ್ಲಿ ಒಂದು ಉಳಿದುಬಂದಿವೆ. ಇವುಗಳಲ್ಲಿ ಒಂದನ್ನು ಎತ್ತಿಹಿಡಿದು ಮತ್ತೊಂದನ್ನು ಅಲ್ಲಗಳೆಯುವುದು ಸಂಶೋಧಕನ ಕೆಲಸವಲ್ಲ.

3. ಶೋಕದ ಮಾತು ಯಾರಿಗೆ?

ಈ ಭಾಗದ ದೇಶೀಯ ಶೋಕಾಭಿವ್ಯಕ್ತಿಯೊಡನೆ ಹೋಲಿಸಿದಾಗ ಕ್ರೈಸ್ತ ಪ್ರಾರ್ಥನೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಊರೂರುಗಳಲ್ಲಿ ಕಾಣುವ ವೀರಗಲ್ಲುಗಳನ್ನು ಗಮನಿಸಬಹುದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೈವಸನ್ನಿಧಿ. ಇಲ್ಲಿ ಮಾತು ಸತ್ತವನನ್ನು ಕುರಿತದ್ದು. ಕೇಳುವವನು ಊರಿನ ಜನ ಅಥವಾ ದಾರಿಹೋಕ. ಸಾವಿಗೆ ಅರ್ಥವನ್ನು ಕಲ್ಲೇ ನಿರ್ಣಯಿಸಿಬಿಡುತ್ತದೆ. ಕಳೆದುಕೊಂಡವರ ಅಳಲಿಗೆ ಅಲ್ಲಿ ಹೆಚ್ಚಿನ ಎಡೆಯಿಲ್ಲ.

ಆ ಎಡೆಯನ್ನು ತುಂಬಿದವರು ಹೆಣ್ಣುಮಕ್ಕಳು. ಸಾವಿನ ಮನೆಯಲ್ಲಿ ‘ಹೇಳಿಕೊಂಡು ಅಳುವ’ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಅಲ್ಲಿ ಮಾತು ನೇರವಾಗಿ ಸತ್ತವರಿಗೆ: ಯಾಕೆ ಹೋದೆ, ಯಾರಿಗೆ ಬಿಟ್ಟು ಹೋದೆ ಎಂಬ ದೂರು. ಉತ್ತರ ಬಾರದೆಂದು ಗೊತ್ತಿದ್ದೂ ಕೇಳುವ ಪ್ರಶ್ನೆಗಳಿವು. ಕೇಳುವುದರಿಂದಲೇ ಎದೆ ಹಗುರಾಗುತ್ತದೆ.

ಬೈಬಲ್ಲಿನ ಪ್ರಲಾಪ ಕೀರ್ತನೆಗಳು ಇದೇ ದೂರನ್ನು ದೇವರ ಮುಂದಿಡುತ್ತವೆ. ದೇವರು ಮರೆತನೇ, ಮುಖ ತಿರುಗಿಸಿದನೇ, ಎಷ್ಟು ಕಾಲ ಹೀಗೆ ಎಂದು ಕೀರ್ತನಕಾರ ಕೇಳುತ್ತಾನೆ. ಅನೇಕ ಕೀರ್ತನೆಗಳು ದೂರಿನಿಂದ ಆರಂಭವಾಗಿ ಭರವಸೆಯತ್ತ ಹೊರಳುತ್ತವೆ. 88ನೆಯ ಕೀರ್ತನೆ ಮಾತ್ರ ಹೊರಳುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನೂ ಧರ್ಮಗ್ರಂಥದಲ್ಲಿ ಉಳಿಸಿಕೊಂಡಿರುವುದು ಅರ್ಥಪೂರ್ಣವಾಗಿದೆ. ಭರವಸೆ ಹುಟ್ಟದವನ ಮಾತೂ ಪ್ರಾರ್ಥನೆಯೇ ಎಂಬ ಮನ್ನಣೆ ಇಲ್ಲಿದೆ. ಶಿಲುಬೆಯ ಮೇಲೆ ಯೇಸು ಉಚ್ಚರಿಸಿದ್ದೂ 22ನೆಯ ಕೀರ್ತನೆಯ ದೂರನ್ನೇ.

ಯೋಬನ ಗ್ರಂಥವು ಉತ್ತರ ಮತ್ತು ಸಂತೈಕೆಗಳ ಅಂತರವನ್ನು ಇನ್ನಷ್ಟು ನಿಷ್ಠುರವಾಗಿ ತೋರಿಸುತ್ತದೆ. ಮಕ್ಕಳನ್ನು ಕಳೆದುಕೊಂಡ ಯೋಬನ ಬಳಿ ಬಂದ ಗೆಳೆಯರು ಮೊದಲ ಏಳು ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅನಂತರ ಬಾಯಿ ತೆರೆದು, ಅವನ ಪಾಪವೇ ಅವನ ನೋವಿಗೆ ಕಾರಣವೆಂದು ಸಾಧಿಸಹೊರಟರು. ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಕಾರಣ ಹೇಳಿದ ಈ ಗೆಳೆಯರೇ ಹೊರತು ದೂರಿದ ಯೋಬನಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನ ಅಕ್ಕತಂಗಿಯರು, ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲವೆಂದು ಯೇಸುವನ್ನೇ ಆಕ್ಷೇಪಿಸುತ್ತಾರೆ. ಲಾಜರನನ್ನು ಎಬ್ಬಿಸುವ ಮೊದಲು ಯೇಸು ಅವರೊಡನೆ ಅಳುತ್ತಾನೆ. ಪವಾಡಕ್ಕೆ ಮುಂಚೆ ಬರುವ ಈ ಕಣ್ಣೀರು ಕಥೆಗೆ ಅನಗತ್ಯವೆನಿಸಬಹುದು. ದುಃಖಿತ ಓದುಗನಿಗೆ ಪವಾಡಕ್ಕಿಂತ ಹತ್ತಿರವಾಗುವುದು ಅದೇ.

4. ಕನ್ನಡದ ಸಾಮರ್ಥ್ಯದ ಪ್ರಶ್ನೆ

ಈ ಮಾತುಗಳು ಕನ್ನಡದಲ್ಲಿ ನೆಲೆಗೊಳ್ಳಬಲ್ಲವೇ ಎಂಬ ಸಂಶಯ ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದವನೊಬ್ಬನಿಂದಲೇ ಬಂದಿತು. 1799ರ ಅನಂತರ ಇಲ್ಲಿಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದವನು ಫ್ರೆಂಚ್ ಪಾದ್ರಿ ಅಬೆ ದುಬಾಯ್. ಗಂಜಾಂನ ಚರ್ಚಿನೊಡನೆ ಅವನ ಹೆಸರು ಬೆಸೆದುಕೊಂಡಿದೆ. ಸಿಡುಬಿನ ಲಸಿಕೆಯ ಪ್ರಸಾರಕ್ಕೂ ಅವನು ದುಡಿದನು. 1823ರಲ್ಲಿ ಭಾರತವನ್ನು ಬಿಟ್ಟ ಅವನು ಅದೇ ವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ ದೇಶಭಾಷೆಗಳ ಬೈಬಲ್ ಅನುವಾದಗಳನ್ನು ಕಟುವಾಗಿ ಟೀಕಿಸಿದನು. ಅಂದಿನ ಅನುವಾದಗಳು ದೇಶೀಯ ಓದುಗನಲ್ಲಿ ಭಕ್ತಿಗಿಂತ ತಿರಸ್ಕಾರವನ್ನೇ ಹುಟ್ಟಿಸಬಹುದೆಂಬುದು ಅವನ ಆತಂಕ.

ಅದೇ ದಶಕದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸದಲ್ಲಿ ತೊಡಗಿದ್ದನು. ಮೊದಲು ಹೊಸ ಒಡಂಬಡಿಕೆಯೂ 1831ರಲ್ಲಿ ಪೂರ್ಣ ಬೈಬಲ್ಲೂ ಹೊರಬಂದವು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಪರಿಷ್ಕರಣಕ್ಕೆ ಶ್ರಮಿಸಿದರು. ಈ ಗದ್ಯದ ಬಗೆಗೆ ಏನೇ ಆಕ್ಷೇಪಗಳಿರಲಿ, ಪ್ರಲಾಪ, ಸಂತೈಕೆ, ಮರಣಾಂಧಕಾರ, ಕುರುಬ, ದೀಪ ಇವೇ ಮೊದಲಾದ ಪರಿಕಲ್ಪನೆಗಳು ಅದರಿಂದ ಕನ್ನಡಿಗರ ನಿತ್ಯಪ್ರಾರ್ಥನೆಗೆ ಒದಗಿದವು. ಆದರೆ ಅವು ಚರ್ಚಿನ ಗೋಡೆಯನ್ನು ದಾಟಿ ಎಲ್ಲ ಕನ್ನಡಿಗರ ಮಾತಾಗಲು ಒಬ್ಬ ಕವಿ ಬೇಕಾಗಿದ್ದನು.

5. ‘ಕರುಣಾಳು ಬಾ ಬೆಳಕೆ’

ಜಾನ್ ಹೆನ್ರಿ ನ್ಯೂಮನ್ ಸಿಸಿಲಿಯಲ್ಲಿ ಪ್ರಾಣಾಂತಿಕ ಜ್ವರದಿಂದ ಬಳಲಿ ಚೇತರಿಸಿಕೊಂಡು, ಪಲೆರ್ಮೊದಿಂದ ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುವ ಹಡಗಿನಲ್ಲಿ ಹೊರಟಿದ್ದಾಗ ಗಾಳಿಯಿಲ್ಲದೆ ಹಡಗು ಬೊನಿಫಾಸಿಯೊ ಜಲಸಂಧಿಯಲ್ಲಿ ನಿಂತುಬಿಟ್ಟಿತು. ಆಗ, 1833ರ ಜೂನ್ 16ರಂದು, ಬರೆದ ಪ್ರಾರ್ಥನೆಯಿದು. ಐದು ವರ್ಷಗಳ ಹಿಂದೆ, 1828ರ ಜನವರಿಯಲ್ಲಿ, ಅವನ ಕಿರಿಯ ತಂಗಿ ಮೇರಿ ಹತ್ತೊಂಬತ್ತರ ಹರೆಯದಲ್ಲಿ ತೀರಿಕೊಂಡಿದ್ದಳು. ಕವಿತೆಗೆ ಅವನಿತ್ತ ಶೀರ್ಷಿಕೆ ‘ಮೇಘಸ್ತಂಭ’ ಎಂಬರ್ಥದ್ದು. ವಿಮೋಚನಕಾಂಡದ 13ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರನ್ನು ಹಗಲು ಮೇಘಸ್ತಂಭವೂ ಇರುಳು ಅಗ್ನಿಸ್ತಂಭವೂ ಅರಣ್ಯದಲ್ಲಿ ನಡೆಸಿದ ಪ್ರಸಂಗ ಅದರ ಹಿಂದಿದೆ. ಆ ಸ್ತಂಭ ದಾರಿಯ ನಕ್ಷೆಯನ್ನು ಕೊಡಲಿಲ್ಲ, ಮುಂದೆ ನಡೆಯಿತು ಅಷ್ಟೇ. ಕವಿಯೂ ದೂರದ ನೋಟವನ್ನು ಬೇಡುವುದಿಲ್ಲ. ಒಂದು ಹೆಜ್ಜೆಯಷ್ಟು ಬೆಳಕಿಗೆ ತೃಪ್ತನಾಗುತ್ತಾನೆ. ಕಳೆದುಹೋದ ಪ್ರಿಯಮುಖಗಳು ಬೆಳಗಿನಲ್ಲಿ ಮತ್ತೆ ಕಾಣುವುವೆಂಬ ನಿರೀಕ್ಷೆಯಲ್ಲಿ ಕವಿತೆ ನಿಲ್ಲುತ್ತದೆ. ಆ ಮುಖಗಳು ಯಾರವೆಂದು ಮುಂದೆ ಕೇಳಿದವರಿಗೆ ನ್ಯೂಮನ್ ಖಚಿತ ಅರ್ಥ ಹೇಳಲಿಲ್ಲ. ಅದರಿಂದಾಗಿಯೇ ಓದುವ ಪ್ರತಿಯೊಬ್ಬರೂ ತಮ್ಮವರ ಮುಖಗಳನ್ನು ಅಲ್ಲಿ ಕಾಣಲು ಸಾಧ್ಯವಾಗಿದೆ.

ಶ್ರೀಯವರ (1884-1946) ‘ಇಂಗ್ಲಿಷ್ ಗೀತಗಳು’ ಸಂಕಲನದ (1926) ಅನುವಾದವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಮೂರು ಅಂಶಗಳು ಮುಖ್ಯವಾಗುತ್ತವೆ. ಮೊದಲನೆಯದು, ಸಂಬೋಧನೆ. ಮೂಲದಲ್ಲಿ ಬೆಳಕಿಗೆ ‘ನಡೆಸು’ ಎಂಬ ಕೋರಿಕೆಯೇ ಮೊದಲು. ಕನ್ನಡದಲ್ಲಿ ಅದಕ್ಕೂ ಮುನ್ನ ‘ಬಾ’ ಎಂಬ ಕರೆ. ನಡೆಸುವುದಕ್ಕೆ ಮೊದಲು ಹತ್ತಿರವಿರಬೇಕೆಂಬುದು ಇದರ ಧ್ವನಿ. ಎರಡನೆಯದು, ಕೈ. ಮೂಲದ ಪಲ್ಲವಿಯಲ್ಲಿ ಮುನ್ನಡೆಸುವ ಮಾತಿದೆಯೇ ಹೊರತು ಕೈಯ ಪ್ರಸ್ತಾಪವಿಲ್ಲ. ಶ್ರೀಯವರು ಅದನ್ನು ಕೈಹಿಡಿಯಬೇಕೆಂಬ ಬೇಡಿಕೆಯನ್ನಾಗಿಸಿದರು. ದೂರದಿಂದ ತೋರುವ ಬೆಳಕು ಸ್ಪರ್ಶವಾಯಿತು. ಇದು ಛಂದಸ್ಸಿನ ಅನುಕೂಲಕ್ಕಾಗಿ ಬಂದ ಸೇರ್ಪಡೆಯೆಂದು ತಳ್ಳಿಹಾಕುವಂತಿಲ್ಲ. ‘ಸಂತೈಸು’ ಎಂಬ ಕನ್ನಡ ಪದದೊಳಗಿನ ತಾಯ್ತನವೇ ಇಲ್ಲಿ ರೂಪ ತಾಳಿದೆ. ಮೂರನೆಯದು, ‘ಕರುಣಾಳು’ ಎಂಬ ವಿಶೇಷಣ. ಕನ್ನಡದ ಭಕ್ತಿಪರಂಪರೆಗೆ ಒಗ್ಗಿದ ಈ ಪದ ಪ್ರಾರ್ಥನೆಯನ್ನು ಯಾವುದೇ ಒಂದು ಮತದ ಸೊತ್ತಾಗಿ ಉಳಿಸಲಿಲ್ಲ.

ಇದೇ ಸಂಕಲನದಲ್ಲಿ ಸ್ಕಾಟ್ಲೆಂಡಿನ ಮುದುಕನೊಬ್ಬ ‘ಮುದಿಯ ರಾಮೇಗೌಡ’ನಾಗಿದ್ದಾನೆ. ಅಲ್ಲಿ ಹೆಸರು, ಊರು, ಬದುಕುಗಳನ್ನು ಬದಲಿಸಿಯೇ ಕನ್ನಡಕ್ಕೆ ತರಬೇಕಾಯಿತು. ಪ್ರಾರ್ಥನೆಯಲ್ಲಿ ಹಾಗೆ ಬದಲಿಸಬೇಕಾದದ್ದು ಇರಲಿಲ್ಲ, ಏಕೆಂದರೆ ಮೂಲದಲ್ಲಿಯೇ ಕ್ರಿಸ್ತನ ಹೆಸರಿಲ್ಲ. ಕತ್ತಲು, ದೂರದ ಮನೆ, ಕಳೆದುಹೋದವರು ಎಲ್ಲ ಊರುಗಳಿಗೂ ಸಮಾನ. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಈ ಗೀತೆ ನರಸಿಂಹರಾವ್ ದಿವೇಟಿಯರಿಂದ ಗುಜರಾತಿಗೆ ಬಂದದ್ದೂ ಸ್ಮರಣೀಯ. ಕನ್ನಡದಲ್ಲಿ ಅದು ಶಾಲೆಯ ಪ್ರಾರ್ಥನೆಯಾಗಿ, ಭಾವಗೀತೆಯಾಗಿ ಹಾಡಲ್ಪಡುತ್ತ ಬಂದಿದೆ. ದುಬಾಯ್ ಶಂಕಿಸಿದ ನೂರು ವರ್ಷಗಳ ಬಳಿಕ ಕನ್ನಡ ಕೊಟ್ಟ ಪ್ರತ್ಯುತ್ತರ ಇದೆಂದರೆ ತಪ್ಪಾಗಲಾರದು.

6. ಒಂದು ಪ್ರತಿವಾದ

ಇದೇ ನೆಲದಿಂದ ಭಿನ್ನ ದನಿಯೂ ಬಂದಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು (1900-2003) ತಮ್ಮ ‘ದೇವರು’ (1991) ಕೃತಿಯಲ್ಲಿ ದೇವರ ಕಲ್ಪನೆಯನ್ನೇ ವಿಚಾರದ ಒರೆಗೆ ಹಚ್ಚಿದರು. ಪ್ರಾರ್ಥನೆಯಿಂದ ಸಿಗುವ ನೆಮ್ಮದಿ ಆತ್ಮವಂಚನೆಯಲ್ಲವೇ ಎಂದು ಇಂಥ ವಿಚಾರವಾದದ ನೆಲೆಯಿಂದ ಕೇಳಬಹುದು. ಪ್ರಾರ್ಥನೆ ನೋವಿನ ಕಾರಣವನ್ನು ವಿವರಿಸುತ್ತದೆಂದು ಹೇಳಿಕೊಂಡರೆ ಈ ಆಕ್ಷೇಪಕ್ಕೆ ಬಲವಿದೆ. ಯೋಬನ ಗೆಳೆಯರ ಸಮಾಧಾನ ಅದರ ಮುಂದೆ ನಿಲ್ಲಲಾರದು. ಆದರೆ 88ನೆಯ ಕೀರ್ತನೆಯಾಗಲಿ ಶ್ರೀಯವರ ಗೀತೆಯಾಗಲಿ ವಿವರಣೆಯನ್ನು ಮುಂದಿಡುವುದಿಲ್ಲ. ಅವು ಮಾತು ಹೊರಡದ ಹೊತ್ತಿನಲ್ಲಿ ಆಡಲು ಮಾತು ಕೊಡುತ್ತವೆ, ಆ ಮಾತನ್ನು ಯಾರಿಗಾದರೂ ಹೇಳಬಹುದೆಂಬ ಧೈರ್ಯ ಕೊಡುತ್ತವೆ. ಕೇಳುವವನಿದ್ದಾನೆಯೇ ಎಂಬುದನ್ನು ಸಾಹಿತ್ಯ ವಿಮರ್ಶೆ ತೀರ್ಮಾನಿಸಲಾರದು. ಹೇಳಿಕೊಂಡವನಿಗೆ ಏನಾಗುತ್ತದೆಂಬುದನ್ನು ಗಮನಿಸಬಲ್ಲದು.

7. ಸಮಾರೋಪ

ತರಗತಿಗಳಲ್ಲಿ ‘ಕರುಣಾಳು ಬಾ ಬೆಳಕೆ’ಯನ್ನು ನವೋದಯದ ಅನುವಾದಕ್ಕೆ ನಿದರ್ಶನವಾಗಿ, ಹೊಸ ಛಂದೋರೂಪಕ್ಕೆ ಮಾದರಿಯಾಗಿ ಪಾಠ ಹೇಳುವುದು ರೂಢಿ. ಅದು ಸರಿಯೇ. ಆದರೆ ಅದರ ಹಿಂದಿನ ಮೇಘಸ್ತಂಭವನ್ನೂ ಕೀರ್ತನೆಗಳ ಪ್ರಲಾಪವನ್ನೂ ಬಿಟ್ಟು ಓದಿದಾಗ ಕವಿತೆಯ ಅರ್ಧ ಭಾಗ ಕೈತಪ್ಪುತ್ತದೆ. ಅದರ ಮುಂದೆ ಕುಳಿತ ವಿದ್ಯಾರ್ಥಿಗಳಲ್ಲಿ ತಂದೆಯನ್ನೋ ಗೆಳತಿಯನ್ನೋ ಈಚೆಗೆ ಕಳೆದುಕೊಂಡವರು ಇರಬಹುದೆಂಬುದನ್ನು ಅಧ್ಯಾಪಕರು ಮರೆಯಬಾರದು. ಅವರಿಗೆ ಕವಿತೆಯ ಅಲಂಕಾರಕ್ಕಿಂತ ಮುಂದಿನ ಒಂದು ಹೆಜ್ಜೆಯ ಬೆಳಕು ಮುಖ್ಯ.

ಚಿನ್ನಾಮಿಯಿಂದ ಶ್ರೀಯವರವರೆಗೆ ಈ ಪರಿಸರದಲ್ಲಿ ನಡೆದ ಕ್ರೈಸ್ತ ಪ್ರಾರ್ಥನೆಯ ಕನ್ನಡೀಕರಣವನ್ನು ವೀರಗಲ್ಲು, ಸಾವಿನ ಮನೆಯ ಹಾಡು, ಸ್ಮಶಾನದ ಶಿಲಾಲೇಖಗಳ ಜೊತೆಗಿಟ್ಟು ಅಧ್ಯಯನ ಮಾಡಿದಲ್ಲಿ ಕನ್ನಡದ ಶೋಕಸಾಹಿತ್ಯದ ಚರಿತ್ರೆ ಹೆಚ್ಚು ಪೂರ್ಣವಾದೀತು. ಶ್ರೀರಂಗಪಟ್ಟಣದ ನೆಲದಲ್ಲಿ ಒಬ್ಬರಿಗೊಬ್ಬರು ಶತ್ರುಗಳಾಗಿ ಸತ್ತವರ ಮನೆಯವರೆಲ್ಲರೂ ಒಂದಲ್ಲ ಒಂದು ಭಾಷೆಯಲ್ಲಿ ಬೆಳಕನ್ನು ಕೇಳಿಕೊಂಡವರೇ. ಆ ಬೇಡಿಕೆಗೆ ಕನ್ನಡದಲ್ಲಿ ಎಲ್ಲರೂ ಹಾಡಬಹುದಾದ ಮಾತು ಸಿಕ್ಕಿದ್ದು ಬೆಳ್ಳೂರಿನ ಮನೆತನದ ಕವಿಯಿಂದ ಎಂಬುದು ಈ ಪ್ರದೇಶದ ಹೆಮ್ಮೆಯ ಸಂಗತಿ.