ವಾಟ ಯಾವ ಕಡೆ? ನೆಲದ ಪದಗಳ ಬೆನ್ನು ಹತ್ತಿ

ಕನಕಪುರದ ಹತ್ತಿರ ಕಟ್ಟುತ್ತಿದ್ದ ಒಂದು ಮನೆ ನೋಡೋಕೆ ನಾವು ನಾಲ್ಕು ಜನ ಸಿವಿಲ್‌ನವರು ಹೋಗಿದ್ದೆವು. ಬಚ್ಚಲಮನೆಗೆ ಟೈಲ್ಸ್ ಕೂರಿಸುತ್ತಿದ್ದ ಮೇಸ್ತ್ರಿ ತಲೆ ಎತ್ತಿ, "ವಾಟ ಯಾವ್ ಕಡೆ ಕೊಡೋಣ, ಹೇಳ್ರಪ್ಪಾ" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ನಮ್ಮಲ್ಲೊಬ್ಬ ಧೈರ್ಯ ಮಾಡಿ, "ಲೆವೆಲ್ಲಾಗೇ ಇರಲಿ ಅಣ್ಣಾ" ಅಂದ. "ಲೆವೆಲ್ಲಾಗಿದ್ರೆ ನೀರು ಎಲ್ಲೋಯ್ತದೆ?" ಅಂತ ಮೇಸ್ತ್ರಿ ನಕ್ಕರು.

ವಾಟ ಅಂದರೆ ನೀರು ಹರಿಯಲೆಂದು ನೆಲಕ್ಕೆ ಕೊಡುವ ಇಳಿಜಾರು. ಮೀಟರಿಗೆ ಒಂದೋ ಎರಡೋ ಸೆಂಟಿಮೀಟರ್. ಪರೀಕ್ಷೆಯಲ್ಲಿ ಸ್ಲೋಪ್ ಅಂತ ಬರೆದು ಪೂರ್ತಿ ಅಂಕ ತಗೊಂಡವರು ನಾವೇ. ಅವತ್ತು ನಮ್ಮ ಮಾತು ಕೇಳಿದ್ದರೆ ಆ ಮನೆಯವರು ದಿನಾ ನೀರು ಗುಡಿಸಬೇಕಿತ್ತು.

ನಾಚಿಕೆಯಿಂದ ಶುರುವಾದ ಹುಡುಕಾಟ ಇಂಗ್ಲಿಷಿನವರೆಗೂ ಹೋಯಿತು. ಪೇವ್ಮೆಂಟ್ ಅನ್ನೋದರ ಬೇರು ಲ್ಯಾಟಿನ್ನಿನ 'ಪವೀರೆ', ಅಂದರೆ ಬಡಿದು ಗಟ್ಟಿ ಮಾಡು. ನಮ್ಮವರು ದಿಮ್ಮಸಿನಲ್ಲಿ ನೆಲ ಬಡಿಯೋದೂ ಅದೇ ಕೆಲಸ. ಸ್ಟ್ರೀಟ್ ಅನ್ನೋದು 'ಸ್ಟ್ರಾಟ', ಅಂದರೆ ಹಾಸಿದ್ದು. ರೋಮನ್ನರ ಕಲ್ಲುಹಾಸಿನ ದಾರಿ ಕಂಡವರು ಪದವನ್ನೂ ತಗೊಂಡರು. ಅವರು ಬ್ರಿಟನ್ನಿಗೆ ಬರುವ ಮೊದಲೇ ಅದು ಅವರ ನಾಲಿಗೆಯಲ್ಲಿತ್ತು. ನಮ್ಮ ಹಾಸುಗಲ್ಲನ್ನು ನೋಡಿ: ಚಾಪೆ ಹಾಸು, ಹಾಸಿಗೆ ಹಾಸು, ಕಲ್ಲು ಹಾಸು. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ. ಕೆಲಸ ಒಂದೇ, ಹಾಗಾಗಿ ಮಾತೂ ಒಂದೇ ದಿಕ್ಕಿನಲ್ಲಿ ಹುಟ್ಟಿದೆ.

ಫ್ಲೋರ್ ಮಾತ್ರ ಸಾಲ ತಂದ ಪದ ಅಲ್ಲ, ಹಳೆ ಇಂಗ್ಲಿಷಿನದೇ. ಅದರ ಜೊತೆಗೆ 'ಫ್ಲೆಟ್' ಅಂತ ಇನ್ನೊಂದಿತ್ತು: ನೆಲ, ಮನೆ ಎರಡಕ್ಕೂ. ಅದು ಸ್ಕಾಟ್ಲೆಂಡ್ ಸುತ್ತಿ ಬಂದು ಇವತ್ತಿನ ಫ್ಲಾಟ್ ಆಗಿದೆ. ತಿಂಗಳಾ ಬಾಡಿಗೆ ಕಟ್ಟುವವರು ಗಮನಿಸಿ, ನೀವು ಕಟ್ಟುತ್ತಿರೋದು ಬರೀ ನೆಲಕ್ಕೆ!

ಇನ್ನು ನಮ್ಮ ಕಲ್ಲಿನ ವಿಷಯ. ರಾಮನಗರದ ಹಳೆ ಹೆಸರು ಕ್ಲೋಸ್‌ಪೇಟೆ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ. ಊರು ಆ ಹೆಸರು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ, 400 ಕಿಲೋಮೀಟರಿನಷ್ಟು ಉದ್ದಕ್ಕೆ ಚಾಚಿಕೊಂಡ ಬಂಡೆಯ ಪಟ್ಟಿಗೆ ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಹೆಸರು. 'ಶೋಲೆ' ತೆಗೆದ ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ ಎಲ್ಲ ಅದೇ.

ಈ ಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದ ಹಳೆ ವಿಧಾನ ನಮಗೆ ಯಾವ ಲ್ಯಾಬಿಗಿಂತಲೂ ಕಡಿಮೆ ಅನ್ನಿಸಲಿಲ್ಲ. ಬಯಲು ಬಂಡೆಯ ಮೇಲೆ ಸೌದೆ ಉರಿಸುತ್ತಿದ್ದರು. ಕಲ್ಲು ಶಾಖವನ್ನು ಬೇಗ ಒಳಕ್ಕೆ ಬಿಡುವುದಿಲ್ಲ. ಮೇಲಿನ ಪದರ ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಆ ಎಳೆದಾಟದಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಎಲ್ಲಿ ಬಿಟ್ಟಿದೆ ಅಂತ ಗೊತ್ತಾಗೋದು ಸುತ್ತಿಗೆಯಲ್ಲಿ ತಟ್ಟಿದಾಗ, ಟೊಳ್ಳು ಸದ್ದಿನಿಂದ. ಬೆಂಕಿಯನ್ನು ಮುಂದಕ್ಕೆ ಸರಿಸುತ್ತಾ, ಸದ್ದು ಕೇಳುತ್ತಾ ಹೋಗುತ್ತಿದ್ದರು. ಎದ್ದ ಹಾಳೆಗೆ ಸಾಲಾಗಿ ಉಳಿ ಹೊಡೆದು ಬೇಕಾದ ಅಳತೆಗೆ ಸೀಳುತ್ತಿದ್ದರು. ನಾವು ಥರ್ಮಲ್ ಸ್ಟ್ರೆಸ್ ಅನ್ನೋದನ್ನು ಅವರು ಕಿವಿಯಲ್ಲಿ ಅಳೆದರು.

ಪದಗಳ ಗತಿ ವಿಚಿತ್ರ. ಗಾರೆ ಅಂದರೆ ಸುಣ್ಣ, ಮರಳು ಕಲಸಿದ್ದು. ಸುಣ್ಣ ಹೋಗಿ ಸಿಮೆಂಟ್ ಬಂತು, ಆದರೂ ಅವರು ಗಾರೆ ಕೆಲಸದವರೇ. ನೆಲಗಟ್ಟು ಉಳಿದಿರೋದು ಬರೀ ಭಾಷಣಗಳಲ್ಲಿ. 'ವೈಚಾರಿಕ ನೆಲಗಟ್ಟು' ಇದೆ, ಕಾಲಿಡುವ ನೆಲಗಟ್ಟು ಇಲ್ಲ. ಸಗಣಿ ಸಾರಿಸುವ ನೆಲ ಹೋದಮೇಲೆ ಸಾರಿಸುವುದೂ ಹೋಗಿ ಒರೆಸುವುದಾಯಿತು. ಚನ್ನಪಟ್ಟಣದ ಗೆಳತಿಯ ಮನೆಯಲ್ಲಿ ಅದು ಈಗ 'ಮಾಪ್ ಹೊಡಿಯೋದು'.

ಮಾಗಡಿ ಕಡೆಯ ಗೆಳೆಯನ ಅಜ್ಜಿ ಹಳೆ ಚಪ್ಪಡಿ ನೆಲದಲ್ಲಿ ಅರವತ್ತು ವರ್ಷ ಓಡಾಡಿದವರು. ಅದು ಉಳಿ ತಿಂದ ಒರಟು ಕಲ್ಲು, ಒದ್ದೆಯಾದರೂ ಹಿಡಿತ ಇರುತ್ತಿತ್ತು. ಮನೆಗೆ ಹೊಳೆಯುವ ಟೈಲ್ಸ್ ಹಾಕಿಸಿದ ವರ್ಷವೇ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೋಡೋಕೆ ಹೋದಾಗ, "ಕನ್ನಡಿ ಮೇಲೆ ಯಾರಾದ್ರೂ ನಡೀತಾರೇನ್ರೋ? ಎಂಜಿನಿಯರ್ ಓದ್ತಿದೀರಲ್ಲ" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮೇಸ್ತ್ರಿಯಿಂದ ಇನ್ನೂ ಮೂರು ಪದ ಬರೆದುಕೊಂಡು ಬಂದೆವು: ಕರಣೆ, ಮಟ್ಟಗೋಲು, ರಸಮಟ್ಟ. ನಿಮ್ಮೂರಲ್ಲಿ ವಾಟಕ್ಕೆ ಬೇರೆ ಹೆಸರಿದ್ದರೆ ಸಂಘದ ಬೋರ್ಡಿನ ಮೇಲೆ ಬರೆದು ಹೋಗಿ, ಸೀಮೆಸುಣ್ಣ ಅಲ್ಲೇ ಇದೆ.